ಐದನೆಯ ಬಾಗಿಲು

ಶ್ರೀನಿವಾಸಪುರದ ನಮ್ಮ ಮಾವಿನ ಮಂಡಿಗೆ
ಹನ್ನೊಂದು ವರ್ಷ ಒಂದೇ ಪಾಸ್‌ವರ್ಡು:
ತೋತಾಪುರಿ, ಅದರ ಬಾಲಕ್ಕೆ ಒಂದು ಎರಡು ಮೂರು.
ಕಂಪ್ಯೂಟರಿನ ನೆತ್ತಿಗೆ ಅಂಟಿಸಿದ ಚೀಟಿ
ಊದುಬತ್ತಿಯ ಹೊಗೆಗೆ ಹಣ್ಣಾಗಿ
ಒಂದು ಮೂಲೆ ಎದ್ದು ನಿಂತಿತ್ತು.
ಲಾರಿ ಕ್ಲೀನರಿಗೆ ಗೊತ್ತು, ಟೀ ತರುವ ಹುಡುಗನಿಗೆ ಗೊತ್ತು,
ಮದನಪಲ್ಲಿಯಿಂದ ಬಂದ ವ್ಯಾಪಾರಿ
ನನ್ನ ಕುರ್ಚಿಯಲ್ಲೇ ಕೂತು ತನ್ನ ಬಿಲ್ಲು ತಾನೇ ನೋಡಿಕೊಳ್ಳುತ್ತಿದ್ದ.
ಗುಟ್ಟು ಅಂದರೆ ನಮಗೆ
ಎಲ್ಲರಿಗೂ ಗೊತ್ತಿದ್ದು ಯಾರೂ ಜೋರಾಗಿ ಹೇಳದ್ದು.

ಈ ಸೀಸನ್ನಿನಲ್ಲಿ ಒಂದು ರಾತ್ರಿ
ನೀಲಂ ಹಣ್ಣಿನ ನಲವತ್ತು ಕ್ರೇಟು ಲೆಕ್ಕದಿಂದ ಕಾಣೆ.
ಅಳಿಸಿದ್ದು ಯಾರು? ಕಂಪ್ಯೂಟರು ಹೇಳಿತು: ಮಂಡಿ.
ಮಂಡಿ ಅಂದರೆ ನಾನು, ಮಂಡಿ ಅಂದರೆ ಮುದಸ್ಸಿರ್,
ಮಂಡಿ ಅಂದರೆ ತೂಕದ ಪಿಳ್ಳಪ್ಪ,
ಅಷ್ಟೇಕೆ, ಮಂಡಿ ಅಂದರೆ ಸಾವ್ಕಾರರೇ.
ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ
ಮೂರು ದಿನ ಟೀ ಕುಡಿದೆವು.

ನಾಲ್ಕನೆಯ ದಿನ ಬೈರಾರೆಡ್ಡಿಯವರು ಕರೆದು
'ಏನೋ ಇದೆಯಂತಲ್ಲಮ್ಮ, ಬೀಗದ ಕೈಗಳಿಗೇ ಒಂದು ಪೆಟ್ಟಿಗೆ,
ಒಬ್ಬೊಬ್ಬರಿಗೂ ಒಂದೊಂದು ಮಾಡು' ಅಂದರು.
ಮಾಡಿದೆ.
ಎಲ್ಲರೂ ಕೈಹಾಕುವ ಅರೆ ಒಂದು: ಬಿಲ್ಲು, ಬ್ಯಾಂಕು, ಜಿಎಸ್‌ಟಿ.
ಉಳಿದದ್ದು ಅವರವರದು.
ಬಾಗಿಲಿಗೆ ಒಂದು ಮಾತು, ಹನ್ನೆರಡು ಅಕ್ಷರಕ್ಕೆ ಕಮ್ಮಿ ಇರಬಾರದು,
ಯಾರಿಗೂ ಹೇಳಬಾರದು,
ಮರೆತರೆ ದೇವರೂ ತೆಗೆಯಲಾರ.

ಸಾವ್ಕಾರರು ಒತ್ತುತ್ತಾ ಒತ್ತುತ್ತಾ ಗಟ್ಟಿಯಾಗಿ ಓದಿದರು.
ಮತ್ತೆ ಮಾಡಿಸಿದೆ. ಮತ್ತೆ ಓದಿದರು.
ಮೂರನೆಯ ಸಲ ಬಾಯಿ ತುಂಬ ಎಲೆ ಅಡಿಕೆ ಹಾಕಿಸಿ ಕೂರಿಸಿದೆ.
ಮುದಸ್ಸಿರ್ ನಿಮಿಷದಲ್ಲಿ ಮುಗಿಸಿದ, ಕಿವಿ ಕೆಂಪಾಗಿತ್ತು.

ಪಿಳ್ಳಪ್ಪ ಬರಲೇ ಇಲ್ಲ.
'ನಂದೇನಮ್ಮ ಗುಟ್ಟು, ನೀನೇ ಒಂದು ಬರೆದುಬಿಡು.'
ನನಗೆ ಗೊತ್ತಾದರೆ ಅದು ನಿಮ್ಮದಲ್ಲ ಅಂದೆ.
ಆತ ಇಂಗ್ಲಿಷು ಕಲಿತದ್ದು ಲಾರಿಗಳ ನಂಬರ್ ಪ್ಲೇಟಿನಲ್ಲಿ:
ಕೆ ಎ ನಮ್ಮದು, ಎ ಪಿ ಗಡಿಯಾಚೆಯದು,
ಟಿ ಎನ್ ಜ್ಯೂಸ್ ಫ್ಯಾಕ್ಟರಿಯದು.
ಹುಲ್ಲಿನ ಧೂಳು ಕೂತ ಒಂದೇ ಬೆರಳಲ್ಲಿ
ಅಕ್ಷರ ಹುಡುಕಿ ಹುಡುಕಿ ಒತ್ತಿದ.
ನಾನು ಗೋಡೆಗೆ ಮುಖ ಮಾಡಿ
ಕಳೆದ ವರ್ಷದ ಕ್ಯಾಲೆಂಡರು ಓದಿದೆ.
ಅರ್ಧ ಗಂಟೆ. ಆಚೆ ಎರಡು ಟ್ರ್ಯಾಕ್ಟರು
ತೂಕಕ್ಕೆ ಕಾದು ಹಾರನ್ನು ಹೊಡೆದವು.
'ನಾನು ಸತ್ತರೆ?'
ಅದೂ ನಿಮ್ಮ ಜೊತೆಗೇ.
'ಸರಿ' ಅಂದ, ಮುಳ್ಳು ನಿಂತದ್ದು ನೋಡಿ ಹೇಳುವ ಹಾಗೆ.

ಆಮೇಲಿನ ನಾಲ್ಕು ಬೆಳಿಗ್ಗೆಯೂ
ಕೂತ, ಬೆರಳೆತ್ತಿದ, ಎದ್ದುಹೋದ.
ಐದನೆಯ ದಿನ ಟವಲಿಗೆ ಕೈ ಒರೆಸುತ್ತಾ ಬಂದು
'ಇನ್ನೊಂದು ಮಾಡಿಕೊಡಮ್ಮ.'
ಮರೆತುಹೋಯ್ತಾ?
'ಮರೆತಿದ್ದರೆ ಆಗೋದು.
ದಿನಾ ಎದ್ದು ಆ ಹೆಸರು ಬರೆಯೋಕೆ
ಆಗ್ತಾ ಇಲ್ಲ.'

ಹೊಸದಕ್ಕೆ ಎರಡೇ ನಿಮಿಷ. ಯಾವುದೋ ಲಾರಿಯ ನಂಬರಿರಬೇಕು,
ಒತ್ತುವಾಗ ನಗುತ್ತಿದ್ದ.

ಹಳೆಯದರ ಮುಂದೆ ಪ್ರಶ್ನೆ ಬಂದು ನಿಂತಿತು:
ಅಳಿಸಲೇ? ಅಳಿಸಿದ್ದು ಮತ್ತೆ ಸಿಗದು.
ಬಾಣವನ್ನು ಅದರ ಮೇಲೆ ಇಟ್ಟೆ.
ತೆಗೆದೆ.

ನಲವತ್ತು ಕ್ರೇಟು ಇವತ್ತಿಗೂ ಪತ್ತೆಯಿಲ್ಲ.
ತಿಂಗಳ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ,
ಸಾವ್ಕಾರರು ಕನ್ನಡಕ ಏರಿಸಿ ಎಣಿಸುತ್ತಾರೆ,
'ನಾಲ್ಕು ಜನ ಅಲ್ವೇನಮ್ಮ ನಾವು, ಐದು ಅಂತ ಹಾಕಿದ್ದಾರಲ್ಲ?'
ಆಚೆ ತಕ್ಕಡಿಯ ಹತ್ತಿರ ಪಿಳ್ಳಪ್ಪ
ತೆಲುಗಿನಲ್ಲಿ ತೂಕ ಕೂಗುತ್ತಿರುತ್ತಾನೆ.
ಇರಲಿ ಬಿಡಿ ಅನ್ನುತ್ತೇನೆ,
ಖಾಲಿ ಕ್ರೇಟಿನ ತೂಕ ಅಂತ ಬರೆದುಕೊಳ್ಳಿ.